ಬೆವರು ಹರಿಸುವವರ ಊಟದ ತಾಟು: ತೂಕ ಇಳಿಸುವಾಗ ಎಷ್ಟು ಉಣ್ಣಬೇಕು, ಏನು ಉಣ್ಣಬೇಕು

ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಬೆಳಗಿನ ಐದೂವರೆಗೆ ನಡೆಯಲು ಬರುವವರಲ್ಲಿ ಬಹಳ ಮಂದಿ ಹಿಂದಿನ ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿ ಬಂದವರಾಗಿರುತ್ತಾರೆ ಎಂಬುದು ಅವರ ಮಾತಿನಿಂದಲೇ ತಿಳಿಯುತ್ತದೆ. ಒಬ್ಬರು ರೊಟ್ಟಿ ಬಿಟ್ಟಿರುತ್ತಾರೆ, ಇನ್ನೊಬ್ಬರು ರಾತ್ರಿಯ ಊಟವನ್ನೇ ಬಿಟ್ಟಿರುತ್ತಾರೆ, ಮತ್ತೊಬ್ಬರು ಸವತೆಕಾಯಿ ಮತ್ತು ನಿಂಬೆರಸದ ನೀರಿನ ಮೇಲೆ ಹದಿನೈದು ದಿನ ತಳ್ಳಿರುತ್ತಾರೆ. ಎರಡು ವರ್ಷಗಳ ಹಿಂದೆ ನಾನೂ ಅವರಲ್ಲೊಬ್ಬಳಾಗಿದ್ದೆ. ಆಗ ನನಗೆ 42 ವರ್ಷ, ತೂಕ 72 ಕಿಲೋ. ವ್ಯಾಯಾಮಶಾಲೆಯೊಂದರಲ್ಲಿ ಕೊಟ್ಟ ಅಚ್ಚಿನ ಹಾಳೆಯಲ್ಲಿ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ ಇದ್ದವು. ರೊಟ್ಟಿ, ಬ್ಯಾಳಿ, ಶೇಂಗಾ ಯಾವುದೂ ಇರಲಿಲ್ಲ. ಆ ಹಾಳೆಯಲ್ಲಿದ್ದುದನ್ನು ನಾಲ್ಕು ದಿನ ತಂದು ತಿಂದು, ಐದನೆಯ ದಿನದಿಂದ ಅದರಲ್ಲಿದ್ದುದನ್ನೂ ಬಿಟ್ಟು, ಮನೆಯದನ್ನೂ ಬಿಟ್ಟು, ದಿನಕ್ಕೆ ಒಂದು ರೊಟ್ಟಿಯ ಮೇಲೆ ನಿಂತೆ.

ಏಳು ವಾರಗಳಲ್ಲಿ ನಾಲ್ಕು ಕಿಲೋ ಇಳಿಯಿತು. ಎಂಟನೆಯ ವಾರದಿಂದ ತಕ್ಕಡಿಯ ಮುಳ್ಳು ಅಲುಗಲಿಲ್ಲ. ಶಾಲೆಯಲ್ಲಿ ಮೂರನೆಯ ಪೀರಿಯಡ್ ಹೊತ್ತಿಗೆ ಮಕ್ಕಳ ಮೇಲೆ ಸಿಟ್ಟು ಬರುತ್ತಿತ್ತು. ರಾತ್ರಿ ಹತ್ತು ಗಂಟೆಗೆ, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯಲ್ಲಿ ನಿಂತುಕೊಂಡೇ ಡಬ್ಬಿಯಿಂದ ಚೂಡಾ ಮುಕ್ಕುತ್ತಿದ್ದೆ. ಮೂರನೆಯ ತಿಂಗಳಲ್ಲಿ ಕೂದಲು ಉದುರತೊಡಗಿತು. ಅದನ್ನು ಕಂಡ ನಮ್ಮ ಅತ್ತೆಯವರು ಒಂದೇ ಮಾತು ಕೇಳಿದರು: “ಎತ್ತಿಗಿ ಮೇವು ಹಾಕಲಾರ್ದೆ ಗಳೆ ಎಷ್ಟು ದಿನ ಹೊಡಿತಿ ನೀ?” ಮುಂದಿನ ಎರಡು ತಿಂಗಳಲ್ಲಿ ಮೂರು ಕಿಲೋ ಮರಳಿ ಬಂದ ಮೇಲೆ ಆ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆಯಿತು. ಬಳಿಕ ಆಹಾರ ತಜ್ಞರೊಬ್ಬರ ಬಳಿ ಕುಳಿತು ಕಲಿತದ್ದನ್ನು, ಮತ್ತು ನಮ್ಮ ಮನೆಯ ಅಡುಗೆಗೆ ಒಗ್ಗಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇಹವು ಲೆಕ್ಕವನ್ನು ಹೇಗೆ ತಿರುಗಿಸುತ್ತದೆ

ತೂಕ ಇಳಿಯಬೇಕಾದರೆ ಖರ್ಚಿಗಿಂತ ಜಮೆ ಕಡಿಮೆಯಿರಬೇಕು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಜಮೆಯನ್ನು ತೀರಾ ಇಳಿಸಿದಾಗ ದೇಹವು ಖರ್ಚನ್ನೂ ಇಳಿಸುತ್ತದೆ ಎಂಬ ಅಂಶವನ್ನು ನಾವು ಮರೆಯುತ್ತೇವೆ. ಹೊಟ್ಟೆ ತುಂಬಿದೆ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಇಳಿದು, ಹಸಿವನ್ನು ಎಬ್ಬಿಸುವ ಗ್ರೆಲಿನ್ ಏರುತ್ತದೆ. ನಮಗೆ ಅರಿವಿಲ್ಲದಂತೆಯೇ ಓಡಾಟ ಕಡಿಮೆಯಾಗುತ್ತದೆ: ಬೆಳಿಗ್ಗೆ ಒಂದು ತಾಸು ನಡೆದವರು ಉಳಿದ ದಿನವೆಲ್ಲ ಕುರ್ಚಿ ಬಿಟ್ಟು ಏಳುವುದಿಲ್ಲ, ಮಾಳಿಗೆಯ ಮೇಲಿನ ಬಟ್ಟೆ ತರಲು ಮಕ್ಕಳನ್ನು ಕಳಿಸುತ್ತಾರೆ. ಇದರ ಜೊತೆಗೆ, ಸಾಕಷ್ಟು ಪ್ರೋಟೀನ್ ಇಲ್ಲದೆ ವೇಗವಾಗಿ ಇಳಿದ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಹೋಗಿರುತ್ತದೆ. ತೂಕ ಮರಳಿ ಬರುವಾಗ ಮಾತ್ರ ಹೆಚ್ಚಾಗಿ ಕೊಬ್ಬೇ ಬರುತ್ತದೆ.

ಇದನ್ನು ಬಹಳ ಹಿಂದೆಯೇ ಎಚ್ಚರಿಕೆಯಿಂದ ಪರೀಕ್ಷಿಸಿ ನೋಡಿದ್ದಾರೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಊಟ ಕೊಟ್ಟು, ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಸಿದರು. ದಿನಕ್ಕೆ ಐದು ಕಿಲೋಮೀಟರ್ ಎಂದಾಯಿತು. ನಮ್ಮ ಕೆರೆ ಸುತ್ತುವವರ ನಡಿಗೆಯೂ ಹೆಚ್ಚುಕಡಿಮೆ ಅಷ್ಟೇ. ಅವರು ತಮ್ಮ ತೂಕದ ಕಾಲು ಭಾಗದಷ್ಟನ್ನು ಕಳೆದುಕೊಂಡರು. ಜೊತೆಗೆ ಅವರಿಗೆ ಸದಾ ಚಳಿಯಾಗುತ್ತಿತ್ತು, ನಾಡಿ ನಿಧಾನವಾಯಿತು, ಮನಸ್ಸಿನಲ್ಲಿ ಊಟದ ವಿಚಾರ ಬಿಟ್ಟು ಬೇರೆ ಉಳಿಯಲಿಲ್ಲ, ಮತ್ತು ಪ್ರಯೋಗ ಮುಗಿದ ಬಳಿಕ ಎಷ್ಟು ಉಂಡರೂ ಹಸಿವು ಇಂಗಲಿಲ್ಲ. ಗಮನಿಸಬೇಕಾದದ್ದೇನೆಂದರೆ, ಅವರಿಗೆ ಕೊಟ್ಟದ್ದು 1,600 ಕ್ಯಾಲರಿಗೆ ಹತ್ತಿರದ ಊಟ. ನನ್ನಂಥವಳಿಗೆ ಹೊಂದುವ ಅದೇ ಅಂಕಿ, ಮೊದಲು ದಿನಕ್ಕೆ ಅದರ ಎರಡರಷ್ಟು ಉಣ್ಣುತ್ತಿದ್ದ ಎಳೆಯ ವಯಸ್ಸಿನ ಗಂಡಸರಿಗೆ ಬರಗಾಲವಾಯಿತು. ಆದ್ದರಿಂದ ನೆರೆಯವರ ಅಂಕಿಯನ್ನು ಎರವಲು ತರಬಾರದು. ಪ್ರತಿಯೊಬ್ಬರೂ ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕು.

ನಿಮ್ಮ ಅಂಕಿಯನ್ನು ಕಂಡುಕೊಳ್ಳುವ ಬಗೆ

1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು ಇಂದಿಗೂ ಬಹಳ ತಜ್ಞರು ಬಳಸುತ್ತಾರೆ. ಕಿಲೋಗ್ರಾಂ ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ, ಅದರಲ್ಲಿ ವಯಸ್ಸಿನ ಐದರಷ್ಟನ್ನು ಕಳೆಯಬೇಕು. ಬಂದ ಅಂಕಿಗೆ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು. ಇದು ಇಡೀ ದಿನ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿ. ವ್ಯಾಯಾಮವಿಲ್ಲದೆ ಕುಳಿತು ಕೆಲಸ ಮಾಡುವವರು ಇದನ್ನು 1.2ರಿಂದ, ವಾರದಲ್ಲಿ ಕೆಲವು ದಿನ ಹಗುರ ವ್ಯಾಯಾಮ ಮಾಡುವವರು 1.375ರಿಂದ, ಹೆಚ್ಚಿನ ದಿನಗಳಲ್ಲಿ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡುವವರು 1.55ರಿಂದ ಗುಣಿಸಿದರೆ ದಿನದ ಒಟ್ಟು ಖರ್ಚು ಸಿಗುತ್ತದೆ. ಸಂದೇಹವಿದ್ದಾಗ ಕೆಳಗಿನ ಅಂಕಿಯನ್ನೇ ಹಿಡಿಯುವುದು ಲೇಸು, ಏಕೆಂದರೆ ತಮ್ಮ ವ್ಯಾಯಾಮವನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸುವುದು ಮನುಷ್ಯ ಸ್ವಭಾವ.

ಎರಡನೆಯ ಸಲ ಆರಂಭಿಸುವಾಗ ನನ್ನ ತೂಕ 71 ಕಿಲೋ, ಎತ್ತರ 155 ಸೆಂಟಿಮೀಟರ್. ಲೆಕ್ಕ ಹಾಕಿದಾಗ ಸುಮ್ಮನಿದ್ದರೂ ಬೇಕಾಗುವುದು ಸುಮಾರು 1,310 ಕ್ಯಾಲರಿ, ನಡಿಗೆ ಸೇರಿ ದಿನದ ಖರ್ಚು ಸುಮಾರು 1,800 ಎಂದು ಬಂತು. ನಾನು ಮೊದಲು ಉಣ್ಣುತ್ತಿದ್ದುದು ಒಂಬೈನೂರು ಇದ್ದೀತು. ಹಾಸಿಗೆಯಲ್ಲಿ ಮಲಗಿದ್ದವಳಿಗೂ ಸಾಲದಷ್ಟು. ಇದೇ ಲೆಕ್ಕವನ್ನು 35 ವರ್ಷದ, 170 ಸೆಂಟಿಮೀಟರ್ ಎತ್ತರದ, 85 ಕಿಲೋ ತೂಕದ ಗಂಡಸಿಗೆ ಹಾಕಿದರೆ ದಿನದ ಖರ್ಚು ಸುಮಾರು 2,400 ಆಗುತ್ತದೆ.

ಈ ಖರ್ಚಿನಿಂದ ಕಳೆಯಬೇಕಾದದ್ದು 300ರಿಂದ 500 ಕ್ಯಾಲರಿ ಮಾತ್ರ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿರುವುದರಿಂದ, ದಿನಕ್ಕೆ 300ರ ಕೊರತೆಯಲ್ಲಿ ತಿಂಗಳಿಗೆ ಒಂದು ಕಿಲೋಗಿಂತ ತುಸು ಹೆಚ್ಚು, 500ರ ಕೊರತೆಯಲ್ಲಿ ಎರಡು ಕಿಲೋದ ಹತ್ತಿರ ಇಳಿಯುತ್ತದೆ. ನಾನು 300 ಆರಿಸಿಕೊಂಡು 1,500ಕ್ಕೆ ನಿಂತೆ. ಮೇಲಿನ ಉದಾಹರಣೆಯ ಗಂಡಸು 1,900ರಷ್ಟು ಉಣ್ಣಬಹುದು. ವೈದ್ಯರ ನಿಗಾ ಇಲ್ಲದೆ ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ಇಳಿಯಬಾರದು ಎಂಬ ರೂಢಿಯ ಮಿತಿಯಿದೆ. ವ್ಯಾಯಾಮ ಮಾಡುವವರ ಪಾಲಿಗೆ ಅದೂ ಕಡಿಮೆಯೆಂದೇ ನನ್ನ ಅಭಿಪ್ರಾಯ.

ಇಲ್ಲಿ ಒಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. 1.375ರಿಂದ ಗುಣಿಸಿದಾಗಲೇ ನಡಿಗೆಯ ಖರ್ಚು ಲೆಕ್ಕಕ್ಕೆ ಸೇರಿರುತ್ತದೆ. ಕೈಗಡಿಯಾರ “ಇಂದು 400 ಸುಟ್ಟಿದ್ದೀರಿ” ಎಂದು ತೋರಿಸಿತೆಂದು ಅದನ್ನು ಮತ್ತೊಮ್ಮೆ ಕೂಡಿಸಿ ಉಂಡರೆ ಒಂದೇ ಖರ್ಚನ್ನು ಎರಡು ಸಲ ಬರೆದಂತೆ. ಆ ಗಡಿಯಾರಗಳ ಅಂದಾಜೂ ಅಷ್ಟು ನೆಚ್ಚುವಂಥದ್ದಲ್ಲ. 71 ಕಿಲೋ ತೂಕದವರು ಒಂದು ತಾಸು ಬಿರುಸಾಗಿ ನಡೆದರೆ ಸುಮಾರು 300 ಕ್ಯಾಲರಿ ಖರ್ಚಾಗುತ್ತದೆ, ಆದರೆ ಆ ತಾಸು ಸುಮ್ಮನೆ ಕುಳಿತಿದ್ದರೂ 70ರಷ್ಟು ಖರ್ಚಾಗುತ್ತಿತ್ತು. ಉಳಿದ 230 ಎಂದರೆ ನಮ್ಮ ಕಡೆಯ ಒಂದು ದಪ್ಪ ಜೋಳದ ರೊಟ್ಟಿ. ನಡೆದದ್ದಕ್ಕೆ ಎರಡು ಪ್ಲೇಟ್ ಮಿರ್ಚಿ ಭಜಿಯ ಹಕ್ಕು ಬರುವುದಿಲ್ಲ. ಹಾಗೆಯೇ ಇದ್ದ ರೊಟ್ಟಿಯನ್ನೂ ಕಿತ್ತುಕೊಳ್ಳಬೇಕಾಗಿಲ್ಲ.

ರೊಟ್ಟಿಯನ್ನು ಅಳೆಯುವುದು, ಎಣ್ಣೆಯನ್ನು ಅಳೆಯುವುದು

ಕೂಡು ಕುಟುಂಬದ ಅಡುಗೆಮನೆಯಲ್ಲಿ ಪ್ರತಿಯೊಂದನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತ ಕೂತರೆ ಮೂರನೆಯ ದಿನಕ್ಕೆ ಜಗಳವಾಗುತ್ತದೆ. ಅದಕ್ಕೆ ಬದಲಾಗಿ ಒಂದು ಸಲ ಒಂದು ಕಿಲೋ ಜೋಳದ ಹಿಟ್ಟನ್ನು ಬೇರೆ ಡಬ್ಬಿಯಲ್ಲಿಟ್ಟು, ಅದು ತೀರುವವರೆಗೆ ಎಷ್ಟು ರೊಟ್ಟಿಗಳಾದವು ಎಂದು ಎಣಿಸಬೇಕು. ನಮ್ಮ ಮನೆಯಲ್ಲಿ ಹದಿನೈದಾದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇವೆ. ಅಂದರೆ ನಮ್ಮ ಒಂದು ರೊಟ್ಟಿ 220 ಕ್ಯಾಲರಿ. ನಾನು ನನ್ನ ಪಾಲಿನದನ್ನು ಮಾತ್ರ ಕಿಲೋಗೆ ಹದಿನೆಂಟು ಬರುವಷ್ಟು ತೆಳ್ಳಗೆ ಬಡಿಯುತ್ತೇನೆ. ಅದು 185ರ ಹತ್ತಿರ ಬರುತ್ತದೆ. ಖಡಕ್ ರೊಟ್ಟಿ ತಿನ್ನುವವರು ಅದು ಹಗುರವಾಗಿದೆಯೆಂದು ನಾಲ್ಕೈದು ಮುರಿಯುವುದುಂಟು. ಅದರಲ್ಲಿ ಹೋಗಿರುವುದು ನೀರು ಮಾತ್ರ, ಹಿಟ್ಟು ಹಾಗೆಯೇ ಇರುತ್ತದೆ. ಅದನ್ನೂ ಇದೇ ರೀತಿ ಕಿಲೋ ಲೆಕ್ಕದಲ್ಲಿ ಎಣಿಸಿಕೊಳ್ಳಬೇಕು.

ಎಣ್ಣೆಯ ಲೆಕ್ಕವೂ ಇಷ್ಟೇ ಸುಲಭ. ತಿಂಗಳಿಗೆ ಮನೆಗೆ ಬರುವ ಎಣ್ಣೆಯನ್ನು ಉಣ್ಣುವವರ ಸಂಖ್ಯೆಯಿಂದಲೂ ಮೂವತ್ತರಿಂದಲೂ ಭಾಗಿಸಿದರಾಯಿತು. ನಾಲ್ವರಿರುವ ಮನೆಯಲ್ಲಿ ಮೂರು ಲೀಟರ್ ಖರ್ಚಾಗುತ್ತಿದ್ದರೆ ಒಬ್ಬರಿಗೆ ದಿನಕ್ಕೆ 25 ಮಿಲಿಲೀಟರ್, ಅಂದರೆ ಸುಮಾರು 200 ಕ್ಯಾಲರಿ. ಕುಸುಬಿ ಎಣ್ಣೆಯಾಗಲಿ, ಶೇಂಗಾ ಎಣ್ಣೆಯಾಗಲಿ, ಒಂದು ಸಣ್ಣ ಚಮಚಕ್ಕೆ 45 ಕ್ಯಾಲರಿಯೇ. ಕುಸುಬಿಯದು ಹಗುರ, ಅದು ಲೆಕ್ಕಕ್ಕಿಲ್ಲ ಎಂದು ನಂಬಿದವರನ್ನು ನಾನು ಬಹಳ ಕಂಡಿದ್ದೇನೆ. ಎಣ್ಣೆಗಾಯಿ ಬದನೆಕಾಯಿಯನ್ನು ಬಿಡುವ ಅಗತ್ಯವಿಲ್ಲ. ಅದು ಯಾವ ದಿನ ಆಗುತ್ತದೋ ಆ ದಿನ ಮೇಲೆ ತೇಲುವ ಎಣ್ಣೆಯನ್ನು ಪಾತ್ರೆಯಲ್ಲೇ ಬಿಟ್ಟು ಬದನೆಕಾಯಿಯನ್ನಷ್ಟೇ ತಾಟಿಗೆ ಎತ್ತಿಕೊಂಡರೆ ಸಾಕು.

ತೊಗರಿಯ ನಾಡಿನಲ್ಲಿ ಪ್ರೋಟೀನಿನ ಕೊರತೆ

2019ರಲ್ಲಿ ಕಲಬುರಗಿ ತೊಗರಿ ಬ್ಯಾಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದು ಬೆಳೆಯುವ ನೆಲದಲ್ಲೇ ನಮ್ಮ ತಾಟಿನಲ್ಲಿ ಬ್ಯಾಳಿ ನೀರಾಗಿರುವುದು ವಿಚಿತ್ರವಾದರೂ ನಿಜ: ಆರು ಜನರ ಸಾರಿಗೆ ಒಂದು ಹಿಡಿ ತೊಗರಿ ಬ್ಯಾಳಿ ಹಾಕಿ, ಅದನ್ನೇ ಪ್ರೋಟೀನಿನ ಊಟವೆಂದು ತಿಳಿಯುತ್ತೇವೆ. ಆರೋಗ್ಯವಂತ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ತೂಕ ಇಳಿಸುತ್ತ ವ್ಯಾಯಾಮ ಮಾಡುವವರಿಗೆ ಇದು ಸಾಲದು. ತಲುಪಬೇಕೆಂದಿರುವ ತೂಕದ ಪ್ರತಿ ಕಿಲೋಗೆ ಕನಿಷ್ಠ 1ರಿಂದ 1.2 ಗ್ರಾಂ, ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ 1.6 ಗ್ರಾಂವರೆಗೆ ಇದ್ದರೆ ಸ್ನಾಯು ಉಳಿಯುತ್ತದೆ, ಹಸಿವೂ ಹತೋಟಿಯಲ್ಲಿರುತ್ತದೆ. ನನ್ನ ಗುರಿಯ ತೂಕ 60 ಕಿಲೋ ಎಂದಿಟ್ಟುಕೊಂಡು 60 ಗ್ರಾಂನ್ನು ನಾನು ಮನಸ್ಸಿನಲ್ಲಿಟ್ಟುಕೊಂಡೆ.

ನೂರು ಗ್ರಾಂ ತೊಗರಿ ಬ್ಯಾಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಒಬ್ಬರ ಪಾಲಿಗೆ ಒಂದು ಹೊತ್ತಿಗೆ 40 ಗ್ರಾಂ ಬ್ಯಾಳಿ ಬೀಳುವಂತೆ ಗಟ್ಟಿಯಾಗಿ ಬೇಯಿಸಿದರೆ 9 ಗ್ರಾಂ ಸಿಗುತ್ತದೆ. ನಮ್ಮ ಪುಂಡಿ ಪಲ್ಯವನ್ನು ಇದಕ್ಕಾಗಿ ನಾನು ಬಹಳ ಮೆಚ್ಚುತ್ತೇನೆ. ಹುಳಿಯಾದ ಪುಂಡಿ ಸೊಪ್ಪು, ತೊಗರಿ ಬ್ಯಾಳಿ, ಜೋಳದ ನುಚ್ಚು ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುವುದರಿಂದ, ನುಚ್ಚನ್ನು ತುಸು ಕಡಿಮೆ ಮಾಡಿ ಬ್ಯಾಳಿಯನ್ನು ತುಸು ಹೆಚ್ಚಿಸಿದರೆ ಯಾರಿಗೂ ತಿಳಿಯದಂತೆ ಪ್ರೋಟೀನ್ ಏರಿರುತ್ತದೆ. ಮೊಳಕೆ ಬರಿಸಿದ ಮಡಕಿ, ಹೆಸರು ಕಾಳಿನ ಉಸುಳಿ ಬೆಳಗಿನ ಉಪ್ಪಿಟ್ಟಿನ ಜಾಗಕ್ಕೆ ಬರಬೇಕು. ಝುಣಕವು ಕಡಲೆ ಹಿಟ್ಟಿನದಾದ್ದರಿಂದ ರಾತ್ರಿಗೆ ಒಳ್ಳೆಯದು, ಆದರೆ ಒಗ್ಗರಣೆಯ ಎಣ್ಣೆಯನ್ನು ಚಮಚದಿಂದ ಹಾಕಬೇಕು, ಡಬ್ಬಿಯಿಂದ ಸುರಿಯಬಾರದು. ತತ್ತಿ ತಿನ್ನುವವರಿಗೆ ಎರಡು ತತ್ತಿಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ 150 ಕ್ಯಾಲರಿಯೊಳಗೆ ಸಿಗುತ್ತದೆ. ಕೋಳಿ, ಮೀನು ತಿನ್ನುವವರ ಕೆಲಸ ಇನ್ನೂ ಸುಲಭ. ಕಾಳುಗಳನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ವಾರಗಳಲ್ಲಿ ಮೆಲ್ಲಗೆ ಏರಿಸಬೇಕು.

ಶೇಂಗಾ ಹಿಂಡಿಯ ವಿಷಯದಲ್ಲಿ ಎಚ್ಚರವಿರಲಿ. ಶೇಂಗಾದಲ್ಲಿ ಪ್ರೋಟೀನ್ ನೂರಕ್ಕೆ 24 ಗ್ರಾಂ ಇದ್ದರೂ ಕ್ಯಾಲರಿ 520ಕ್ಕೂ ಹೆಚ್ಚು. ಹತ್ತು ಗ್ರಾಂನ ಒಂದು ಚಮಚ ಹಿಂಡಿ ಊಟಕ್ಕೆ ರುಚಿ ಕೊಡುತ್ತದೆ; ಅದರ ಮೇಲೆ ಹಸಿ ಎಣ್ಣೆ ಹಾಕಿಕೊಂಡು ಮೂರು ಸಲ ಬಡಿಸಿಕೊಂಡರೆ ಊಟದ ಪಕ್ಕದಲ್ಲಿ ಮತ್ತೊಂದು ಊಟವಾಗುತ್ತದೆ. ಆದರೆ ಇದೇ ಗುಣ ಕಡಿಮೆ ಉಣ್ಣುವವರಿಗೆ ವರವಾಗುತ್ತದೆ. ಹಸಿವೇ ಆಗದೆ ದಿನದ ಅಂಕಿ ತುಂಬದವರು, ಹೊಟ್ಟೆಗೆ ಭಾರವಾಗದಂತೆ 150 ಕ್ಯಾಲರಿ ಸೇರಿಸಲು ಒಂದು ಹಿಡಿ ಹುರಿದ ಶೇಂಗಾ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳಿಗಿಂತ ಒಳ್ಳೆಯ ದಾರಿಯನ್ನು ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ.

ನನ್ನ ಒಂದು ದಿನದ ತಾಟು ಹೀಗಿರುತ್ತದೆ. ನಡಿಗೆಗೆ ಮುಂಚೆ ಒಂದು ಸಣ್ಣ ಬಾಳೆಹಣ್ಣು ಮತ್ತು ಒಂದು ಚಮಚ ಸಕ್ಕರೆಯ ಚಹಾ, ಒಟ್ಟು 135 ಕ್ಯಾಲರಿ. ಎಂಟು ಗಂಟೆಗೆ ಒಂದು ರೊಟ್ಟಿ, 40 ಗ್ರಾಂ ಕಾಳಿನಿಂದ ಮಾಡಿದ ಮಡಕಿ ಉಸುಳಿ, ಅದಕ್ಕೆ ಒಂದು ಚಮಚ ಎಣ್ಣೆ: 365. ಶಾಲೆಯ ಡಬ್ಬಿಯಲ್ಲಿ ಒಂದು ರೊಟ್ಟಿ, ಗಟ್ಟಿ ಬ್ಯಾಳಿ ಅಥವಾ ಪುಂಡಿ ಪಲ್ಯ, ಒಂದು ಕಾಯಿಪಲ್ಯ, ಒಂದು ಚಮಚ ಶೇಂಗಾ ಹಿಂಡಿ, ಜೊತೆಗೆ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸವತೆಕಾಯಿ: 510. ಸಂಜೆ ಐದಕ್ಕೆ 30 ಗ್ರಾಂ ಹುರಿದ ಕಡಲೆ ಮತ್ತು ಒಂದು ಗ್ಲಾಸ್ ಮಜ್ಜಿಗೆ: 140. ರಾತ್ರಿ ಎಂಟರೊಳಗೆ ಒಂದು ರೊಟ್ಟಿ ಮತ್ತು ಝುಣಕ: 340. ಕೂಡಿಸಿದರೆ 1,500ಕ್ಕೆ ಹತ್ತು ಕಡಿಮೆ, ಪ್ರೋಟೀನ್ 58 ಗ್ರಾಂ ಹತ್ತಿರ. ಇದರಲ್ಲಿ ಮೂರು ರೊಟ್ಟಿಗಳಿವೆ ಎಂಬುದನ್ನು ನೋಡಬೇಕು. ಒಂದರ ಮೇಲೆ ನಿಂತಿದ್ದವಳು ಮೂರು ತಿನ್ನಲು ಆರಂಭಿಸಿದ ಮೇಲೆಯೇ ನನ್ನ ತೂಕ ನಿಜವಾಗಿ ಇಳಿಯಿತು. ಇದರಲ್ಲಿ ಅತ್ಯಂತ ಮುಖ್ಯವಾದ ಊಟ ಸಂಜೆಯ ಕಡಲೆ ಎಂದು ನಾನು ಹೇಳುತ್ತೇನೆ, ಏಕೆಂದರೆ ಆ 140 ಕ್ಯಾಲರಿ ರಾತ್ರಿ ಹತ್ತರ ಚೂಡಾ ಡಬ್ಬಿಯನ್ನು ಮುಚ್ಚಿಸಿತು.

ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯನ್ನು ಒಂದು ತಾಸು ಮುಂದೂಡಬೇಕು, ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಬೇಕು. ಚಹಾ ಕಬ್ಬಿಣಾಂಶವನ್ನು ತಡೆಯುತ್ತದೆ, ನಿಂಬೆ ಅದನ್ನು ಹೀರಿಕೊಳ್ಳಲು ನೆರವಾಗುತ್ತದೆ. ನಡೆದರೆ ಸುಸ್ತು ಎನ್ನುವ ಹೆಂಗಸರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡ ಬಳಿಕವೇ ಊಟದ ಲೆಕ್ಕಕ್ಕೆ ಕೈಹಾಕುವುದು ಒಳ್ಳೆಯದು.

ಬಹಳ ದಿನ ಕಡಿಮೆ ಉಂಡವರು ಹೇಗೆ ಏರಿಸಬೇಕು

ಒಂಬೈನೂರು ಕ್ಯಾಲರಿಯಿಂದ ಮರುದಿನವೇ ಸಾವಿರದ ಐನೂರಕ್ಕೆ ಹಾರಲು ಮನಸ್ಸು ಒಪ್ಪುವುದಿಲ್ಲ, ಹೊಟ್ಟೆಯೂ ಒಪ್ಪುವುದಿಲ್ಲ. ವಾರಕ್ಕೆ 150ರಷ್ಟು ಸೇರಿಸುತ್ತ ನಾಲ್ಕು ವಾರಗಳಲ್ಲಿ ಗುರಿ ಮುಟ್ಟಬಹುದು. ಮೊದಲ ವಾರ ಬೆಳಗಿನ ಉಸುಳಿ, ಎರಡನೆಯ ವಾರ ಸಂಜೆಯ ಕಡಲೆ, ಹೀಗೆ ಒಂದೊಂದನ್ನಾಗಿ ಸೇರಿಸುತ್ತ ಹೋಗಬೇಕು. ಮೊದಲ ಹತ್ತು ದಿನಗಳಲ್ಲಿ ತಕ್ಕಡಿ ಅರ್ಧದಿಂದ ಒಂದು ಕಿಲೋ ಹೆಚ್ಚು ತೋರಿಸಬಹುದು. ಬರಿದಾಗಿದ್ದ ಸ್ನಾಯುಗಳು ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನನ್ನು, ತುಂಬಿಕೊಳ್ಳುತ್ತವೆ ಮತ್ತು ಪ್ರತಿ ಗ್ರಾಂ ಗ್ಲೈಕೋಜನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ. ಏರಿದ್ದು ಆ ನೀರು. ಈ ಹತ್ತು ದಿನಗಳಲ್ಲಿ ಹೆದರಿ ಹಿಂದೆ ಸರಿಯುವವರೇ ಹೆಚ್ಚು. ನಾನೂ ಒಂದು ಸಲ ಸರಿದು, ಎರಡು ವಾರ ಕಳೆದುಕೊಂಡೆ.

ಊಟ ಸಾಲುತ್ತಿಲ್ಲ ಎಂಬುದಕ್ಕೆ ತಕ್ಕಡಿಗಿಂತ ದೇಹವೇ ಮೊದಲು ಸುಳಿವು ಕೊಡುತ್ತದೆ. ಬೇಸಿಗೆಯಲ್ಲೂ ಕೈಕಾಲು ತಣ್ಣಗಿರುವುದು, ರಾತ್ರಿ ಮೂರು ಗಂಟೆಗೆ ಎಚ್ಚರವಾಗುವುದು, ಹಿಂದಿನ ತಿಂಗಳು ಸುಲಭವಾಗಿದ್ದ ನಡಿಗೆ ಈ ತಿಂಗಳು ಭಾರವಾಗುವುದು, ಸಣ್ಣ ಗಾಯ ಬೇಗ ಮಾಯದಿರುವುದು, ಇವೆಲ್ಲ ಆ ಸುಳಿವುಗಳು. ಕೂದಲು ಉದುರುವುದು ಎರಡು ಮೂರು ತಿಂಗಳು ತಡವಾಗಿ ಕಾಣಿಸಿಕೊಳ್ಳುವುದರಿಂದ ಕಾರಣವನ್ನು ಹಿಂದಕ್ಕೆ ಹೋಗಿ ಹುಡುಕಬೇಕು. ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾದರೆ ಅಥವಾ ನಿಂತರೆ ಅದನ್ನು ವ್ಯಾಯಾಮದ ಸಹಜ ಫಲವೆಂದು ತಿಳಿಯಬಾರದು. ವ್ಯಾಯಾಮಕ್ಕೆ ತಕ್ಕ ಊಟವಿಲ್ಲದಾಗ ಮೂಳೆ, ಹಾರ್ಮೋನು, ರೋಗನಿರೋಧಕ ಶಕ್ತಿ ಎಲ್ಲವೂ ಕುಗ್ಗುವ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ತೀರಾ ವೇಗವಾಗಿ ತೂಕ ಇಳಿಸಿದವರಲ್ಲಿ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಾಧ್ಯತೆಯೂ ಹೆಚ್ಚು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಕೆಲವು ಗುಳಿಗೆಗಳನ್ನು ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಬಾರದು. ಊಟ ಬದಲಿಸುವ ಮುಂಚೆ ಔಷಧಿಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ಲೆಕ್ಕದಿಂದ ಹೊರಗಿರಬೇಕು.

ಬಿಸಿಲು, ಉಪವಾಸ, ಎಳ್ಳ ಅಮಾವಾಸ್ಯೆ

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ ಮತ್ತು ಹಸಿವು ತಾನಾಗಿಯೇ ಸತ್ತಿರುತ್ತದೆ. ಇದನ್ನು ತೂಕ ಇಳಿಸಲು ಒದಗಿದ ಸುಸಂಧಿಯೆಂದು ಭಾವಿಸಿ ನೀರು, ಐಸ್‌ಕ್ರೀಮ್, ಕಲ್ಲಂಗಡಿಯ ಮೇಲೆ ದಿನ ತಳ್ಳುವವರು ಜೂನ್ ಹೊತ್ತಿಗೆ ಬಸವಳಿದಿರುತ್ತಾರೆ. ಆ ದಿನಗಳಲ್ಲಿ ಊಟವನ್ನು ಕುಡಿಯುವಂತೆ ಮಾಡಿಕೊಳ್ಳುವುದೇ ಜಾಣತನ. ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಉಣ್ಣುವುದು, ಅಂಬಲಿ ಕುಡಿಯುವುದು ಹಿರಿಯರು ಬಿಸಿಲಿಗಾಗಿಯೇ ಕಂಡುಕೊಂಡ ಉಪಾಯಗಳು. ಅವುಗಳಲ್ಲಿ ನೀರು, ಉಪ್ಪು, ಶಕ್ತಿ ಮೂರೂ ಇವೆ. ನಡಿಗೆಯನ್ನು ಆರೂವರೆಯೊಳಗೆ ಮುಗಿಸಬೇಕು. ನಡೆದು ಬಂದ ಮೇಲೆ ಒಂದು ಕಿಲೋ ಇಳಿದಿದೆಯೆಂದು ಹಿಗ್ಗುವವರು, ಅದು ಬೆವರೆಂಬುದನ್ನು ಎರಡು ಗ್ಲಾಸ್ ನೀರು ಕುಡಿದ ಬಳಿಕ ತಕ್ಕಡಿಯ ಮೇಲೆ ನಿಂತು ತಿಳಿಯಬಹುದು. ತೂಕವನ್ನು ಬೆಳಿಗ್ಗೆ ಎದ್ದಾಗ ನೋಡಿ, ಏಳು ದಿನಗಳ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಡನೆ ಹೋಲಿಸಬೇಕು. ಜೊತೆಗೆ ಸೊಂಟಕ್ಕೆ ಟೇಪು ಹಿಡಿಯಬೇಕು. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು.

ಶ್ರಾವಣ ಸೋಮವಾರದ ಉಪವಾಸದಲ್ಲಿ ಸಾಬೂದಾನಿ ಖಿಚಡಿ ಎರಡು ತಾಟು ಉಂಡು ಉಪವಾಸವೆಂದು ಎಣಿಸುವವರು, ಸಾಬೂದಾನಿಯಲ್ಲಿ ಪ್ರೋಟೀನ್ ಇಲ್ಲವೆಂಬಷ್ಟು ಕಡಿಮೆಯೆಂದು ತಿಳಿದಿರಬೇಕು. ಒಂದು ತಾಟಿಗೆ ಇಳಿಸಿ ಮೊಸರು, ಹಾಲು ಸೇರಿಸಿಕೊಂಡರೆ ದಿನ ತೂಗುತ್ತದೆ. ನಮ್ಮ ಊರಿನಲ್ಲಿ ರಂಜಾನ್ ರೋಜಾ ಹಿಡಿಯುವ ಗೆಳತಿಯರು ನಡಿಗೆಯನ್ನು ಇಫ್ತಾರಿಗೆ ಅರ್ಧ ತಾಸು ಮುಂಚೆ ಹಗುರವಾಗಿ ಮಾಡುತ್ತಾರೆ, ಅಥವಾ ಇಫ್ತಾರ್ ಮುಗಿದು ಒಂದೂವರೆ ತಾಸಿನ ಮೇಲೆ ಹೊರಡುತ್ತಾರೆ. ಸಹರಿಗೆ ತತ್ತಿ, ಬ್ಯಾಳಿ, ಮೊಸರು ಇಟ್ಟುಕೊಳ್ಳುತ್ತಾರೆ. ಇದು ನನಗೆ ಸರಿಯೆನಿಸಿದೆ.

ಹಬ್ಬದ ಊಟವನ್ನು ನಾನು ಎಣಿಸುವುದೇ ಇಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಕೂತು, ಹಸಿ ಕಾಳು, ಸೊಪ್ಪು, ಕಾಯಿಪಲ್ಯಗಳನ್ನೆಲ್ಲ ಸೇರಿಸಿ ಮಾಡಿದ ಭಜ್ಜಿಯನ್ನು ಸಜ್ಜಿ ರೊಟ್ಟಿಯೊಡನೆ ಉಣ್ಣುವಾಗ ಮೊಬೈಲ್ ತೆಗೆದು ಕ್ಯಾಲರಿ ನೋಡುವವರ ಜೊತೆ ಕೂಡುವುದು ನನಗಾಗದು. ಹಾಗೆ ನೋಡಿದರೆ ಭಜ್ಜಿ ಕಾಳು ಸೊಪ್ಪುಗಳ ಊಟ, ಅದರಿಂದ ಕೆಡುಕಿಲ್ಲ. ಅದರ ಮೇಲೆ ಐದಾರು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು ವಾರವಿಡೀ ಚಹಾದ ಜೊತೆ ತಿನ್ನುವುದರಿಂದ ಕೆಡುಕು. ಹಬ್ಬದ ಮರುದಿನ ಉಪವಾಸ ಮಾಡಿ ಸರಿದೂಗಿಸುವ ಅಗತ್ಯವಿಲ್ಲ. ಮರುದಿನ ಎಂದಿನ 1,500ಕ್ಕೆ ಮರಳಿದರಾಯಿತು.

ನಡಿಗೆಯೊಂದರಿಂದಲೇ ಸ್ನಾಯು ಉಳಿಯುವುದಿಲ್ಲವಾದ್ದರಿಂದ ವಾರಕ್ಕೆ ಎರಡು ದಿನ ಬೈಠಕ್, ಗೋಡೆಗೆ ಕೈಯೊತ್ತಿ ದಂಡ, ನೀರು ತುಂಬಿದ ಎರಡು ಬಾಟಲಿಗಳನ್ನು ಎತ್ತುವುದನ್ನು ಸೇರಿಸಿಕೊಳ್ಳಬೇಕು. ಆ ದಿನ ವ್ಯಾಯಾಮವಾದ ಒಂದೆರಡು ತಾಸಿನೊಳಗೆ ಕಾಳು, ಮೊಸರು ಅಥವಾ ತತ್ತಿ ಇರುವ ಊಟ ಮಾಡಿದರೆ ಸಾಕು. ಹಿಂದಿನ ತಾಲೀಮಿನ ಪೈಲ್ವಾನರು ಹಾಲು, ಬದಾಮು ಇಟ್ಟುಕೊಂಡೇ ಮಣ್ಣಿಗಿಳಿಯುತ್ತಿದ್ದರು, ಪ್ರೋಟೀನ್ ಪುಡಿಯ ಡಬ್ಬಿ ಅವರಿಗೆ ಬೇಕಾಗಿರಲಿಲ್ಲ.

ತೂಕ ಇಳಿದಂತೆ ಲೆಕ್ಕವೂ ಬದಲಾಗುತ್ತದೆ. ಪ್ರತಿ ನಾಲ್ಕೈದು ಕಿಲೋಗೆ ಒಮ್ಮೆ ಸೂತ್ರವನ್ನು ಹೊಸದಾಗಿ ಹಾಕಬೇಕು. ಲೆಕ್ಕದಂತೆ ಎಂಟು ತಿಂಗಳಲ್ಲಿ ಆಗಬೇಕಾದದ್ದು ನನಗೆ ಹತ್ತು ತಿಂಗಳು ಹಿಡಿದು, 71ರಿಂದ 63ಕ್ಕೆ ಬಂದೆ. ಗುರಿಗೆ ಇನ್ನೂ ಮೂರು ಕಿಲೋ ಇದ್ದರೂ ಸದ್ಯಕ್ಕೆ ಇಳಿಸುವುದನ್ನು ನಿಲ್ಲಿಸಿದ್ದೇನೆ. ಬಹಳ ತಿಂಗಳು ಕೊರತೆಯಲ್ಲಿದ್ದ ದೇಹಕ್ಕೆ ಕೆಲಕಾಲ ಖರ್ಚಿನಷ್ಟೇ ಜಮೆ ಕೊಡುವುದು ಒಳ್ಳೆಯದು. 63 ಕಿಲೋಗೆ, 43ನೆಯ ವಯಸ್ಸಿಗೆ ನನ್ನ ದಿನದ ಖರ್ಚು ಸುಮಾರು 1,680 ಬರುತ್ತದೆ. ತಾಟಿಗೆ ಮರಳಿ ಬಂದ ಆ 180ರಲ್ಲಿ ಮಧ್ಯಾಹ್ನ ಅರ್ಧ ರೊಟ್ಟಿ ಹೆಚ್ಚು ಕಟ್ಟಿಕೊಳ್ಳುತ್ತೇನೆ, ರಾತ್ರಿ ಝುಣಕದ ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇಟ್ಟುಕೊಳ್ಳುತ್ತೇನೆ.